ಕೈ ನೋಡಿ ಕಬ್ಬಿಣ

ಪುಣೆಯ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ದಾರಿಯಲ್ಲಿ ಗಾಲ್ಫ್ ಕ್ಲಬ್ ಚೌಕ ಸಿಗುತ್ತದೆ. ಟ್ರಾಫಿಕ್ಕಿಗೆ ಬೈಯುತ್ತ ಅದನ್ನು ದಾಟುವ ನಮ್ಮವರಲ್ಲಿ ಹೆಚ್ಚಿನವರಿಗೆ ಆ ಹೆಸರು ಏಕೆ ಬಂತೆಂದು ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ಯೆರವಾಡ ಎಂದರೆ ಮೊದಲು ನೆನಪಾಗುವುದು ಜೈಲು. 1932ರಲ್ಲಿ ಗಾಂಧೀಜಿ ಉಪವಾಸ ಕೂತದ್ದು, ಅಂಬೇಡ್ಕರರೊಂದಿಗೆ ಪುಣೆ ಒಪ್ಪಂದ ಆದದ್ದು ಅಲ್ಲೇ. ಸ್ವಲ್ಪ ದೂರದಲ್ಲಿ ನಗರ ರಸ್ತೆಯ ಮೇಲೆ ಆಗಾಖಾನ್ ಅರಮನೆ, 1944ರಲ್ಲಿ ಕಸ್ತೂರಬಾ ಕೊನೆಯುಸಿರೆಳೆದ ಜಾಗ. ದೊಡ್ಡ ಮಾನಸಿಕ ಆಸ್ಪತ್ರೆಯೂ ಇಲ್ಲೇ ಇದೆ. ಇವುಗಳ ನಡುವೆ ಹಳೆಯ ಮರಗಳ ಕೆಳಗೆ ಪೂನಾ ಕ್ಲಬ್ಬಿನ ಹದಿನೆಂಟು ಕುಳಿಗಳ ಗಾಲ್ಫ್ ಮೈದಾನ. ಸಣ್ಣ ಬಿಳಿ ಚೆಂಡಿನ ಹಿಂದೆ ನಾಲ್ಕು ತಾಸು ಬಿಸಿಲಲ್ಲಿ ನಡೆಯುವವರಿಗೆ ಆಸ್ಪತ್ರೆ ಹತ್ತಿರವೇ ಇರಲಿ ಎಂದು ಇಲ್ಲಿ ಕಟ್ಟಿರಬೇಕು ಎಂಬುದು ನನ್ನ ಹೆಂಡತಿಯ ವಾದ.

ಪುಣೆಗೆ ಆಟಗಳ ನಂಟು ಹಳೆಯದು. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ಗವರ್ನರು ಮಳೆಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಕಂಟೋನ್ಮೆಂಟಿನ ಅಧಿಕಾರಿಗಳು ಆಡುತ್ತಿದ್ದ ಬ್ಯಾಡ್ಮಿಂಟನ್ನಿಗೆ ಒಂದು ಕಾಲಕ್ಕೆ 'ಪೂನಾ' ಎಂದೇ ಹೆಸರಿತ್ತು. ಪೂನಾ ಕ್ಲಬ್ ಶುರುವಾದದ್ದು 1886ರಲ್ಲಿ. ಗಾಲ್ಫ್ ಅಷ್ಟರಲ್ಲಾಗಲೇ ದೇಶದಲ್ಲಿ ಬೇರು ಬಿಟ್ಟಿತ್ತು: ಕೋಲ್ಕತ್ತದ ಕ್ಲಬ್ 1829ರದ್ದು, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಅಮೆರಿಕದ ದೊಡ್ಡ ಟೂರ್‌ಗಳಲ್ಲಿ ಆಡಿದ ಅನಿರ್ಬನ್ ಲಾಹಿರಿ 1987ರಲ್ಲಿ ಹುಟ್ಟಿದ್ದು ಪುಣೆಯಲ್ಲಿ, ನೆಲೆ ನಿಂತದ್ದು ಬೆಂಗಳೂರಿನಲ್ಲಿ. ನಾನು ಅದೇ ಹೆದ್ದಾರಿಯಲ್ಲಿ ತಿರುವುಮುರುವಾಗಿ ಬಂದವನು. ಹುಟ್ಟಿದ್ದು ದಾವಣಗೆರೆ, ಬೆಂಗಳೂರಿನಲ್ಲಿ ಆಟ ಕಲಿತೆ, ಈಗ ಖರಾಡಿಯಲ್ಲಿ ಕೆಲಸ. ಕ್ಲಬ್ಬಿನ ಸದಸ್ಯತ್ವ ನನ್ನದಲ್ಲ, ಸಹೋದ್ಯೋಗಿಯೊಬ್ಬರ ಅತಿಥಿಯಾಗಿ ತಿಂಗಳಿಗೆ ಎರಡು ಸಲ ಆಡುತ್ತೇನೆ. ನನ್ನ ಆಟ ಸಾಧಾರಣ, ಹ್ಯಾಂಡಿಕ್ಯಾಪ್ 18. ಆದರೂ ನಮ್ಮ ಕನ್ನಡ ಬಳಗದಲ್ಲಿ ಗಾಲ್ಫ್ ಆಡುವವರು ಬೆರಳೆಣಿಕೆಯಷ್ಟಾದ್ದರಿಂದ, ಸಾಮಾನು ಕೊಳ್ಳುವ ಮೊದಲು ಎಲ್ಲರೂ ನನಗೇ ಫೋನ್ ಮಾಡುತ್ತಾರೆ.

ಈ ವರ್ಷ ಹಾಗೆ ಕೇಳಿದವರು ಇಬ್ಬರು. ಒಬ್ಬಳು ವಾಕಡಿನಲ್ಲಿರುವ ಅಕ್ಕನ ಮಗಳು, ಹದಿಮೂರರ ಹುಡುಗಿ. ಇನ್ನೊಬ್ಬರು ನಮ್ಮ ಸೊಸೈಟಿಯ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಧಾರವಾಡದವರು, ನಮಗೆಲ್ಲ 'ಕಾಕಾ'. ಕೇಳದೆ ಇದ್ದರೂ ಹೆಚ್ಚು ಬೇಕಾಗಿದ್ದವನು ಮೂರನೆಯವನು, ಅವನ ವಿಷಯ ಆಮೇಲೆ. ಮೂವರಿಗೂ ಬೇಕಾದದ್ದು ಐರನ್. "ಐರನ್ ತಗೊಳ್ಳೋಕೆ ಇಷ್ಟು ಯೋಚನೆ ಯಾಕೋ, ಐಎಸ್‌ಐ ಗುರುತು ನೋಡಿ ತಗೊ" ಎಂದು ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ ಹೇಳಿದರು. ಇಸ್ತ್ರಿ ಪೆಟ್ಟಿಗೆಯಲ್ಲ ಎಂದು ತಿಳಿಹೇಳಲು ಐದು ನಿಮಿಷ ಬೇಕಾಯಿತು. ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ.

ಗಾಲ್ಫ್ ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇರಬಹುದು, ಇದು ನಿಯಮ. ದೂರಕ್ಕೆ ಬೀಸಲು ದಪ್ಪ ತಲೆಯ ಡ್ರೈವರ್ ಮತ್ತು ವುಡ್‌ಗಳು, ಕುಳಿಗೆ ತಳ್ಳಲು ಪಟರ್. ನಡುವಿನ ಕೆಲಸಕ್ಕೆ, ಅಂದರೆ ಹಸಿರಿನ ಮೇಲೆ ಚೆಂಡನ್ನು ಇಳಿಸಲು, ಕಬ್ಬಿಣದ ತಲೆಯ ಐರನ್‌ಗಳು. ಅವುಗಳಿಗೆ ಸಂಖ್ಯೆ ಇದೆ. ಸಂಖ್ಯೆ ಏರಿದ ಹಾಗೆ ಕೋಲು ಗಿಡ್ಡವಾಗುತ್ತದೆ, ಮುಖ ಹಿಂದಕ್ಕೆ ವಾಲುತ್ತದೆ. ಹಾಗಾಗಿ 5ನೇ ನಂಬರಿನ ಐರನ್ ಚೆಂಡನ್ನು ತಗ್ಗಾಗಿ ದೂರ ಒಯ್ದರೆ, 9ನೆಯದು ಎತ್ತರಕ್ಕೆ ಎಸೆದು ಹತ್ತಿರದಲ್ಲೇ ಇಳಿಸುತ್ತದೆ. ಒಂದು ನಂಬರಿಗೂ ಮತ್ತೊಂದಕ್ಕೂ ನಡುವೆ ಸುಮಾರು ಹತ್ತು ಗಜದ ಅಂತರ ಇರಬೇಕು. ಎಷ್ಟು ದೂರ ಹೋಯಿತು ಎನ್ನುವುದಕ್ಕಿಂತ ಪ್ರತಿಸಲವೂ ಅಷ್ಟೇ ದೂರ ಹೋಯಿತೇ ಎನ್ನುವುದು ಐರನ್ನಿಗೆ ಮುಖ್ಯ.

ಇಷ್ಟಾದರೆ ಅಂಗಡಿಗೆ ಹೋಗಿ ಒಂದು ಸೆಟ್ ತರಬಹುದಲ್ಲ? ಇಲ್ಲ. ಅಂಗಡಿಯ ಗೋಡೆಯ ಮೇಲೆ ಒಂದೇ 7 ನಂಬರಿನ ಐರನ್ ನಾಲ್ಕು ರೂಪದಲ್ಲಿ ನೇತಾಡುತ್ತಿರುತ್ತದೆ. ಮೊದಲನೆಯದು ಬ್ಲೇಡ್: ಹಿಂಬದಿ ನಯವಾಗಿ ತುಂಬಿರುವ, ತೆಳು ಅಡಿಯ, ನೋಡಿದರೆ ಮುಟ್ಟಬೇಕೆನಿಸುವ ಹಳೆಯ ಮಾದರಿ. ಮುಖದ ನಟ್ಟನಡುವೆ ಚೆಂಡು ತಗುಲಿದರೆ ಬೆಣ್ಣೆ ಕತ್ತರಿಸಿದ ಹಾಗೆ. ಅರ್ಧ ಇಂಚು ಆಚೀಚೆಯಾದರೆ ಕೈಗೆ ಕರೆಂಟ್ ಹೊಡೆದ ಹಾಗೆ, ಚೆಂಡೂ ಗುರಿಗಿಂತ ಮೊದಲೇ ಬಿದ್ದಿರುತ್ತದೆ. ಎರಡನೆಯದು ಹಿಂಬದಿಯನ್ನು ಸ್ವಲ್ಪ ಕೊರೆದು, ಆ ತೂಕವನ್ನು ಅಂಚುಗಳಿಗೆ ಹಂಚಿದ ಕ್ಯಾವಿಟಿ ಬ್ಯಾಕ್. ಮೂರನೆಯದು ಇನ್ನೂ ಅಗಲ ಅಡಿಯ, ಹೆಚ್ಚು ಕ್ಷಮಿಸುವ 'ಗೇಮ್ ಇಂಪ್ರೂವ್‌ಮೆಂಟ್'. ನಾಲ್ಕನೆಯದು ಅದಕ್ಕೂ ದಪ್ಪ, ಒಳಗೆ ಟೊಳ್ಳು, ಚೆಂಡನ್ನು ತಾನೇ ಎತ್ತಿ ಹಾರಿಸುವ 'ಸೂಪರ್' ಜಾತಿ.

ಅಂಚಿಗೆ ತೂಕ ಹಂಚುವ ಈ ಉಪಾಯವನ್ನು ಜನಪ್ರಿಯ ಮಾಡಿದವರು ಅಮೆರಿಕದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್, ಪಿಂಗ್ ಕಂಪನಿಯ ಸ್ಥಾಪಕ. ತತ್ವ ಸರಳ. ತೂಕವೆಲ್ಲ ನಡುವೆ ಇದ್ದರೆ, ಚೆಂಡು ತುದಿಗೆ ತಗುಲಿದಾಗ ತಲೆ ಕೈಯಲ್ಲಿ ತಿರುಗಿಬಿಡುತ್ತದೆ. ತೂಕ ಅಂಚಿನಲ್ಲಿದ್ದರೆ ಅಷ್ಟು ಸುಲಭಕ್ಕೆ ತಿರುಗದು. ಎರಡು ಕೊಡ ನೀರನ್ನು ಅಡ್ಡೆಯ ತುದಿಗಳಿಗೆ ಕಟ್ಟಿ ಹೊತ್ತವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೆಗಲ ಮೇಲಿನ ಅಡ್ಡೆ ತಟಕ್ಕನೆ ತಿರುಗುವುದಿಲ್ಲ.

ಯಾವುದು ಯಾರಿಗೆ? ಗಾಲ್ಫಿನಲ್ಲಿ ಆಟದ ಮಟ್ಟ ಅಳೆಯುವುದು ಹ್ಯಾಂಡಿಕ್ಯಾಪ್ ಎಂಬ ಸಂಖ್ಯೆಯಿಂದ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ, ಗರಿಷ್ಠ 54. ಸಂಖ್ಯೆ ಕಡಿಮೆಯಾದಷ್ಟೂ ಆಟ ಮೇಲು. ಸ್ಥೂಲವಾಗಿ ಹೇಳುವುದಾದರೆ, 20ರ ಮೇಲಿನವರಿಗೆ ಮೂರನೆಯ ಅಥವಾ ನಾಲ್ಕನೆಯ ಜಾತಿ, 10ರಿಂದ 20ರ ನಡುವಿನವರಿಗೆ ಎರಡನೆಯದು ಅಥವಾ ಮೂರನೆಯದು, 10ರ ಒಳಗಿನವರಿಗೆ ಎರಡನೆಯದು. ಬ್ಲೇಡ್ ಬೇಕಾದವರು ಕೆಲವೇ ಮಂದಿ. ಟೂರ್‌ನಲ್ಲಿ ಆಡುವ ಎಷ್ಟೋ ವೃತ್ತಿಪರರೇ ಕ್ಯಾವಿಟಿ ಬ್ಯಾಕ್ ಹಿಡಿಯುತ್ತಾರೆ. ನಾಲ್ಕು ಜನರ ಎದುರು ಚೀಲ ತೆರೆದಾಗ ಮಿರುಗಲಿ ಎಂದು ಬ್ಲೇಡ್ ಕೊಂಡು, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಮೈದಾನದ ಹುಲ್ಲಿಗೆ ಬೈಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆದರೆ ಪುಣೆಯ ನೆಲ ನಿಜಕ್ಕೂ ಎರಡು ಬಗೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನೆನೆದು ಹಸಿ ರೊಟ್ಟಿ ಹಿಟ್ಟಿನಂತೆ ಮೆತ್ತಗಾಗುತ್ತದೆ. ತೆಳು ಅಡಿಯ ಐರನ್ ಆಗ ಚೆಂಡಿಗಿಂತ ಮೊದಲು ಮಣ್ಣನ್ನು ಅಗೆಯುತ್ತದೆ, ಅಗಲ ಅಡಿಯದು ದೋಣಿಯಂತೆ ಜಾರುತ್ತದೆ. ಏಪ್ರಿಲ್, ಮೇ ಬಂತೆಂದರೆ ಅದೇ ನೆಲ ಒಣಗಿ ಬಿಗಿಯುತ್ತದೆ. ಆಗ ಅಗಲ ಅಡಿ ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುವಿಗೆ ಹೊಡೆಯುತ್ತದೆ. ಆದ್ದರಿಂದ ವರ್ಷಪೂರ್ತಿ ಇಲ್ಲಿ ಆಡುವವರು ಒಂದೇ ಋತುವಿನಲ್ಲಿ ಪರೀಕ್ಷಿಸಿ ಕೊಳ್ಳಬಾರದು. ಬೆಂಗಳೂರು ಹೆದ್ದಾರಿಯ ಪಕ್ಕಕ್ಕೆ ಹೊರಳಿ ಹೋದರೆ ಸಿಗುವ ಬಾವಧನ್ ಕಡೆಯ ಆಕ್ಸ್‌ಫರ್ಡ್ ಮೈದಾನವಂತೂ ಬೆಟ್ಟದ ಇಳಿಜಾರಿನಲ್ಲಿದೆ. ಅಲ್ಲಿ ಕಾಲು ಒಂದು ಕಡೆ, ಚೆಂಡು ಇನ್ನೊಂದು ಕಡೆ. ಯೆರವಾಡದ ಸಮತಟ್ಟಿನಲ್ಲಿ ಒಗ್ಗಿದ ಕೋಲು ಅಲ್ಲಿ ಬೇರೆಯೇ ಮಾತಾಡುತ್ತದೆ.

ಈಗ ಮೂರನೆಯವನ ವಿಷಯ. ಯೆರವಾಡದಲ್ಲಿ ನನ್ನ ಚೀಲ ಹೊರುವ ಕ್ಯಾಡಿ ಇಪ್ಪತ್ತನಾಲ್ಕರ ಹುಡುಗ. ಅವನ ಅಪ್ಪ ಅಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಇಲ್ಲಿಗೆ ಬಂದವರು. ಮೊದಲ ದಿನ ನಾವು ಹಿಂದಿಯಲ್ಲೇ ಮಾತಾಡಿದೆವು. ನಾಲ್ಕನೆಯ ಕುಳಿಯ ಹತ್ತಿರ ಅವನಿಗೆ ಮನೆಯಿಂದ ಫೋನ್ ಬಂತು. "ಯವ್ವಾ, ಕೆಲಸದಾಗ ಅದೀನಿ, ಆಮ್ಯಾಲ ಮಾಡ್ತೀನಿ" ಎಂದ. ಅಲ್ಲಿಗೆ ಹಿಂದಿ ಮುಗಿಯಿತು, ನಾನು ಸಾಬ್ ಆಗಿದ್ದವನು ಅಣ್ಣನಾದೆ.

ಕೋಲುಗಳ ವಿಷಯದಲ್ಲಿ ಅವನಷ್ಟು ತಿಳಿದವರನ್ನು ನಾನು ಕಂಡಿಲ್ಲ. ಹತ್ತು ವರ್ಷದಿಂದ ನೂರಾರು ಜನರ ಚೀಲ ಹೊತ್ತಿದ್ದಾನೆ, ಯಾರ ಕೈಯಲ್ಲಿ ಯಾವುದು ಹೇಗೆ ನಡೆಯುತ್ತದೆಂದು ಹಿಂದೆ ನಿಂತು ನೋಡಿದ್ದಾನೆ. ಕಾಕಾರನ್ನು ನಾನು ಅವನ ಬಳಿಗೇ ಕರೆದುಕೊಂಡು ಹೋದೆ. ಕಾಕಾ ಮೊಬೈಲಿನಲ್ಲಿ ಒಂದು ದುಬಾರಿ ಸೆಟ್ಟಿನ ಚಿತ್ರ ತೋರಿಸಿದರು. ಅವನು ಅತ್ತ ನೋಡಲೂ ಇಲ್ಲ. "ಕಾಕಾರ, ಕಬ್ಬಣ ಆಮ್ಯಾಲ ನೋಡೂಣು. ಮೊದಲ ನಿಮ್ಮ ಕೈ ತೋರಸ್ರಿ" ಎಂದ. ಅಂಗೈ ನೋಡಿದ, ಮಣಿಕಟ್ಟು ಹಿಡಿದು ತಿರುಗಿಸಿದ. ಕಾಕಾ ಮುಖ ಕಿವಿಚಿದರು. ಮೊಣಕೈ ನೋವು ಎರಡು ವರ್ಷದ್ದಂತೆ. "ನಿಮ್ಮ ಕೋಲಿಂದು ತಲಿ ಅಲ್ರೀ, ಕಾವು ಬದಲಾಗಬೇಕು."

ಶಾಫ್ಟಿಗೆ ಅವನು ಕಾವು ಎನ್ನುತ್ತಾನೆ. ಕೊಡಲಿಗೆ, ಗುದ್ದಲಿಗೆ ಇರುವುದು ಕಾವು ತಾನೆ? ಊರಿನಲ್ಲಿ ಗುದ್ದಲಿಗೆ ಕಾವು ಹಾಕಿಸಲು ಹೋದರೆ ಯಾರು ಹಿಡಿಯುವುದು, ಗಂಡಸರೋ ಹೆಂಗಸರೋ ಎಂದು ಬಡಿಗರು ಕೇಳುತ್ತಾರೆ. ಗಾಲ್ಫಿನಲ್ಲೂ ಅದೇ ಪ್ರಶ್ನೆ. ಉಕ್ಕಿನ ಕಾವು ಸಾಮಾನ್ಯವಾಗಿ 95ರಿಂದ 130 ಗ್ರಾಂ ತೂಗಿದರೆ, ಗ್ರಾಫೈಟಿನದು 50ರಿಂದ 80ರ ಆಸುಪಾಸು. ಗ್ರಾಫೈಟ್ ಪೆಟ್ಟಿನ ಕಂಪನವನ್ನು ಕೈವರೆಗೆ ಅಷ್ಟಾಗಿ ಬಿಡುವುದಿಲ್ಲ. ಬಳುಕಿನಲ್ಲೂ ದರ್ಜೆಗಳಿವೆ: ಹೆಂಗಸರದು, ಹಿರಿಯರದು, ರೆಗ್ಯುಲರ್, ಸ್ಟಿಫ್, ಎಕ್ಸ್ಟ್ರಾ ಸ್ಟಿಫ್. ಹೆಸರಿಗೆ ಬೆಲೆ ಕೊಡಬೇಕಾಗಿಲ್ಲ, ಬೀಸುವ ವೇಗಕ್ಕೆ ಕೊಡಬೇಕು. ನಿಧಾನ ಬೀಸುವವರ ಕೈಯಲ್ಲಿ ಬಿಗಿ ಕಾವು ಬಳುಕುವುದೇ ಇಲ್ಲ, ಚೆಂಡು ತಗ್ಗಾಗಿ ಬಲಕ್ಕೆ ಹೋಗುತ್ತದೆ. 'ಹಿರಿಯರ ದರ್ಜೆ' ಎಂಬ ಹೆಸರು ಕೇಳಿ ಕಾಕಾ ಮೊದಲು ಮುನಿಸಿಕೊಂಡರು. ಹುಡುಗ ಆ ಸ್ಟಿಕರನ್ನು ಉಗುರಿನಿಂದ ಕಿತ್ತು ಅವರ ಕೈಗೆ ಕೋಲು ಕೊಟ್ಟ. ಹತ್ತು ಚೆಂಡು ಹೊಡೆದ ಮೇಲೆ ಮೊಣಕೈ ಸುಮ್ಮನಿತ್ತು. ಅಗಲ ಅಡಿಯ, ಗ್ರಾಫೈಟ್ ಕಾವಿನ ಸೆಟ್ಟು, ಅದೂ 6ರಿಂದ ಮೇಲಿನ ನಂಬರ್ ಮಾತ್ರ ಎಂದು ಅಲ್ಲೇ ತೀರ್ಮಾನವಾಯಿತು. 4, 5ರ ಬದಲಿಗೆ ಎರಡು ಹೈಬ್ರಿಡ್. ಉದ್ದ ಐರನ್ ಹೊಡೆಯುವುದು ಒಳ್ಳೆಯ ಆಟಗಾರರಿಗೂ ಕಷ್ಟ, ಹೈಬ್ರಿಡ್ ಆ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಅಕ್ಕನ ಮಗಳಿಗೆ ಭಾವ ತಮ್ಮ ಗೆಳೆಯರ ಹಳೆಯ ಸೆಟ್ಟನ್ನು ಕತ್ತರಿಸಿ ಗಿಡ್ಡ ಮಾಡಿಸುವ ಯೋಚನೆಯಲ್ಲಿದ್ದರು. ಮಕ್ಕಳ ಗಾಲ್ಫಿನಲ್ಲಿ ಇದು ಎಲ್ಲೆಡೆ ನಡೆಯುವ ಉಳಿತಾಯ. ಆದರೆ ಕೋಲು ಗಿಡ್ಡವಾದರೂ ತಲೆಯ ತೂಕ ಕಡಿಮೆಯಾಗುವುದಿಲ್ಲ, ಕಾವು ಇನ್ನಷ್ಟು ಬಿಗಿಯಾಗುತ್ತದೆ. ಎಳೆಯ ಕೈ ಆ ಭಾರವನ್ನು ಎತ್ತಲು ಏನೇನೋ ತಿರುಚಿ ಬೀಸುವುದನ್ನು ಕಲಿಯುತ್ತದೆ, ಕಲಿತದ್ದನ್ನು ಬಿಡಿಸಲು ಮುಂದೆ ವರ್ಷಗಳು ಬೇಕು. ಅವಳಿಗೆ ಪೂರ್ತಿ ಸೆಟ್ಟೂ ಬೇಡ. 7, 9, ಒಂದು ವೆಜ್, ಒಂದು ಹೈಬ್ರಿಡ್, ಒಂದು ಪಟರ್: ಐದು ಸಾಕು, ಹಗುರವಾದ ಕಾವು, ಅಗಲ ಅಡಿ. ಬೆಂಗಳೂರಿನ ಅದಿತಿ ಅಶೋಕ್ ಆಟ ಹಿಡಿದದ್ದು ಐದನೆಯ ವಯಸ್ಸಿನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದಾಗ, ಅಲ್ಲಿದ್ದವರಲ್ಲಿ ದೂರ ಹೊಡೆಯುವವರ ಸಾಲಿಗೆ ಅವರು ಸೇರಿರಲಿಲ್ಲ. ಹಸಿರಿನ ಹತ್ತಿರದ ನಿಖರತೆ, ಪಟರಿನ ಕೈ, ಇವೇ ಅವರನ್ನು ಪದಕದ ಬಾಗಿಲವರೆಗೆ ಒಯ್ದದ್ದು. "ಮಾಮಾ, ಹಾಗಾದ್ರೆ ನಂಗೆ ಡ್ರೈವರ್ ಬೇಡ್ವಾ?" ಎಂದು ಹುಡುಗಿ ಸಪ್ಪಗಾದಳು. ಮುಂದಿನ ಹುಟ್ಟುಹಬ್ಬಕ್ಕೆ ಎಂದು ಒಪ್ಪಂದವಾಗಿದೆ.

ಅಳತೆಯ ಒಂದು ಪರೀಕ್ಷೆ ಹುಡುಗ ಇಬ್ಬರಿಗೂ ಮಾಡಿಸಿದ, ನೀವೂ ಮಾಡಬಹುದು. ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮೇಲೆ ಒಂದು ನೇರ ಗೆರೆ ಎಳೆದು, ಆ ಗೆರೆ ನೆಟ್ಟಗೆ ನಿಂತು ಕೋಲಿನ ಕಡೆಗೆ ಇರುವಂತೆ ಇಟ್ಟು ಹೊಡೆಯಿರಿ. ಗೆರೆಯ ಗುರುತು ಐರನ್ನಿನ ಮುಖದ ಮೇಲೆ ಮೂಡುತ್ತದೆ. ನೆಟ್ಟಗಿದ್ದರೆ ಕೋಲು ನೆಲಕ್ಕೆ ಕೂರುವ ಕೋನ ನಿಮ್ಮ ಎತ್ತರಕ್ಕೆ ಸರಿಯಿದೆ. ವಾಲಿದ್ದರೆ ಆ ಕೋನವನ್ನು ಬಗ್ಗಿಸಿಕೊಳ್ಳಬೇಕು, ಇಲ್ಲವಾದರೆ ಎಷ್ಟು ನೇರ ಬೀಸಿದರೂ ಚೆಂಡು ಎಡಕ್ಕೋ ಬಲಕ್ಕೋ ಎಳೆಯುತ್ತದೆ. ಖರ್ಚು ಒಂದು ಮಾರ್ಕರಿನದು.

ಹೀಗೆ ಊರಿಗೆಲ್ಲ ಕೋಲು ಆರಿಸಿಕೊಡುವ ಹುಡುಗನ ಸ್ವಂತ ಚೀಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. 5 ಮತ್ತು 6 ಯಾರೋ ಬಿಟ್ಟುಕೊಟ್ಟ ಹಳೆಯ ಬ್ಲೇಡ್‌ಗಳು. 7 ಕೂಡ ಬ್ಲೇಡೇ, ಬೇರೆ ಕಂಪನಿಯದು. 8, 9 ಇತ್ತೀಚಿನ ದಪ್ಪ ಜಾತಿ. ಇದರ ತೊಂದರೆ ನೋಡಿ. ಹಳೆಯ ಬ್ಲೇಡಿನ 7 ಹಿಂದಕ್ಕೆ ವಾಲಿರುವುದು ಸುಮಾರು 34, 35 ಡಿಗ್ರಿ. ಹೊಸ ದಪ್ಪ ಜಾತಿಯಲ್ಲಿ 7ನ್ನೇ 28, 30 ಡಿಗ್ರಿಗೆ ನಿಲ್ಲಿಸಿರುತ್ತಾರೆ. 'ನಮ್ಮ 7 ಎಷ್ಟು ದೂರ ಹೋಗುತ್ತದೆ ನೋಡಿ' ಎಂದು ಅಂಗಡಿಯವರು ಹೇಳುವುದರ ಅರ್ಧ ಗುಟ್ಟು ಇಲ್ಲಿದೆ. ಕೋಲಿನ ಮೇಲೆ 7 ಎಂದು ಕೊರೆದಿದ್ದರೂ ಅದು ಹಳೆಯ ಲೆಕ್ಕದ 5 ಅಥವಾ 6. ಹೀಗಾಗಿ ನಮ್ಮ ಹುಡುಗನ 7 ಮತ್ತು 8 ಒಂದೇ ದೂರಕ್ಕೆ ಹೋಗುತ್ತಿದ್ದವು, ಇನ್ನೊಂದು ದೂರಕ್ಕೆ ಕೋಲೇ ಇರಲಿಲ್ಲ. ಆದರೂ ಸೋಮವಾರಗಳಂದು, ಕ್ಯಾಡಿಗಳಿಗೆ ಆಡಲು ಸಿಗುವ ದಿನ, ಅವನು ಪಾರ್ ಆಸುಪಾಸಿನಲ್ಲಿ ಮುಗಿಸುತ್ತಾನೆ.

ವೃತ್ತಿಪರ ಟೂರ್‌ನ ಅರ್ಹತಾ ಸುತ್ತಿಗೆ ಹೋಗುವುದು ಅವನ ಆಸೆ. ಇದು ಗಾಳಿಗೋಪುರವಲ್ಲ. ದೆಹಲಿಯ ಅಲಿ ಶೇರ್ ಕ್ಯಾಡಿಯಾಗಿದ್ದವರು, 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದ ಸುತ್ತ ಬೆಳೆದ ಚಿಕ್ಕರಂಗಪ್ಪ ಇಂದು ದೇಶದ ಹೆಸರಾಂತ ವೃತ್ತಿಪರರಲ್ಲಿ ಒಬ್ಬರು. ಆದರೆ ಅರ್ಹತಾ ಸುತ್ತಿನಲ್ಲಿ ಒಂದೆರಡು ಹೊಡೆತದಲ್ಲೇ ಒಳಗೋ ಹೊರಗೋ ನಿರ್ಧಾರವಾಗುತ್ತದೆ. ನಡುವೆ ಒಂದು ದೂರಕ್ಕೆ ಕೋಲಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ.

ಆಗಲೇ ಸದಸ್ಯರೊಬ್ಬರು ತಮ್ಮ ಸೆಟ್ ಬದಲಿಸಿ, ಹಳೆಯದನ್ನು ಅವನಿಗೆ ಕೊಡುತ್ತೇನೆಂದರು. ಹಳೆಯದು ಎಂದರೆ ಒಂದು ವರ್ಷದ್ದು, ಲಕ್ಷ ದಾಟಿದ್ದು, ಹೆಚ್ಚು ಆಡದ್ದು. ನಾಲ್ಕನೆಯ ಜಾತಿ, ಟೊಳ್ಳು ತಲೆಯದು. ಹುಡುಗ ಸೋಮವಾರ ಅದನ್ನು ಹೊಡೆದು ನೋಡಿದ, ನಾನು ರಜೆ ಹಾಕಿ ದೂರ ಎಣಿಸಲು ಹೋಗಿದ್ದೆ. ಚೆಂಡು ಅವನ ಬ್ಲೇಡಿಗಿಂತ ಒಂದೂವರೆ ನಂಬರಿನಷ್ಟು ಮುಂದೆ ಹಾರಿತು. ಆದರೆ ಹಸಿರಿನ ಮೇಲೆ ಬಿದ್ದು ನಿಲ್ಲದೆ ಹತ್ತು ಹೆಜ್ಜೆ ಓಡಿತು. ಅವನಂಥ ಜೋರು ಬೀಸಿಗೆ ಕೆಲವು ಸಲ ಎಡಕ್ಕೂ ಎಳೆಯಿತು. ನನಗೋ ಕಾಕಾರಿಗೋ ವರವಾಗುವ ಕೋಲು ಅವನಿಗೆ ಕಟ್ಟಿದ ಕೈಯಾಗಿತ್ತು.

"ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ನಂತ. ಹಂಗಾಗ್ತದಲ್ರೀ ಅಣ್ಣಾ" ಎಂದ. ಅವನ ಸಂಕಟ ಅದೇ. ಬೇಡ ಎಂದರೆ ಕೊಟ್ಟವರಿಗೆ ನೋವು, ನಾಳೆಯ ಕೆಲಸಕ್ಕೂ ಕುತ್ತು. ಬೇಕು ಎಂದರೆ ವರ್ಷಗಟ್ಟಲೆ ರೂಢಿಸಿದ ಆಟ ಬದಲಿಸಬೇಕು. ಗದಗ ಕಡೆಯಿಂದ ಬಂದು ಈ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿನಲ್ಲಿ 1953ರಲ್ಲಿ ಆರಂಭಿಸಿದ ಉತ್ಸವಕ್ಕೆ ನಮ್ಮಲ್ಲಿ ಹೆಚ್ಚಿನವರು ಹೋಗಿರುತ್ತೀರಿ. ಅಲ್ಲಿ ತಂಬೂರಿಯನ್ನು ಹಾಡುವವರ ಕಂಠಕ್ಕೆ ಶ್ರುತಿ ಮಾಡುತ್ತಾರೆ. ಹೊಸ ತಂಬೂರಿ ಯಾರೋ ಕೊಟ್ಟರೆಂದು ಕಂಠ ಬದಲಿಸುವುದಿಲ್ಲ. ಅವನಿಗೆ ಹೀಗೆ ಹೇಳುವುದು ನನಗೆ ಸುಲಭ, ಚೀಲ ಹೊತ್ತು ಹೊಟ್ಟೆ ಹೊರೆಯುವವನು ಅವನು.

ಮೂರು ವಾರ ಅವನು ಆ ಸೆಟ್ಟನ್ನು ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಆ ಸದಸ್ಯರ ಹತ್ತಿರ ನೇರವಾಗಿ ಹೋಗಿ, ಕೋಲು ಬಹಳ ಒಳ್ಳೆಯವು, ಆದರೆ ನನ್ನ ಬೀಸಿಗೆ ಕೂಡುವುದಿಲ್ಲ, ನಿಮ್ಮ ಒಪ್ಪಿಗೆ ಇದ್ದರೆ ಅಂಗಡಿಯಲ್ಲಿ ಬದಲಿಸಿಕೊಳ್ಳುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಏಕೆ ಕೂಡುವುದಿಲ್ಲ ಎಂದು ಕೇಳಿದರಂತೆ. ಅವನು ವಿವರಿಸಿದ್ದನ್ನು ಪೂರ್ತಿ ಕೇಳಿಸಿಕೊಂಡು, ಮರುದಿನ ತಾವೇ ಕಾರಿನಲ್ಲಿ ಅಂಗಡಿಗೆ ಕರೆದೊಯ್ದರು.

ಸಿಕ್ಕಿದ್ದು ಎರಡನೆಯ ಜಾತಿಯ, ಅಚ್ಚಿನಲ್ಲಿ ಎರೆದದ್ದಲ್ಲದೆ ಬಡಿದು ಮಾಡಿದ ಕ್ಯಾವಿಟಿ ಬ್ಯಾಕ್, 5ರಿಂದ ಪಿಚಿಂಗ್ ವೆಜ್‌ವರೆಗೆ ಒಂದೇ ಸೆಟ್ಟಿನ ಆರು ಕೋಲು. ಮೈಮೇಲೆ ಗೀರುಗಳಿವೆ, ಕಾವು ಅವನ ವೇಗಕ್ಕೆ ಸರಿಯಾದ ಸ್ಟಿಫ್. ಲೆಕ್ಕ ಸರಿದೂಗಲು ಮೇಲೆ ಐದು ಸಾವಿರ ಕೊಡಬೇಕಿತ್ತು. ಸದಸ್ಯರು ಕೊಡಲು ಹೋದರು, ನಾನೂ ಕೊಡುತ್ತೇನೆಂದು ಫೋನಿನಲ್ಲಿ ಹೇಳಿದೆ. ಅವನು ಇಬ್ಬರಿಂದಲೂ ತೆಗೆದುಕೊಳ್ಳಲಿಲ್ಲ. "ಐದು ಸಾವಿರ ನಂದಿದ್ರ ಕೋಲು ನಂದ ಆಗ್ತಾವ್ರಿ ಅಣ್ಣಾ" ಎಂದ.

ಈಗ ಅವನ ಪ್ರತಿ ನಂಬರಿನ ದೂರ ಒಂದು ಸಣ್ಣ ನೋಟುಪುಸ್ತಕದಲ್ಲಿದೆ, ಮಳೆಗಾಲದ್ದು ಒಂದು ಪುಟ, ಬೇಸಿಗೆಯದು ಖಾಲಿ ಬಿಟ್ಟ ಇನ್ನೊಂದು ಪುಟ. ಅರ್ಹತಾ ಸುತ್ತಿಗೆ ಹೆಸರು ಕೊಡಲು ದುಡ್ಡು ಕೂಡಿಡುತ್ತಿದ್ದಾನೆ. ಸೋಮವಾರ ತನ್ನ ಚೀಲ ಹೊರುತ್ತಾನೆ, ಮಂಗಳವಾರದಿಂದ ನಮ್ಮದು.